ಫಾಜಿಯ ದೋಣಿಯ ಮೇಲಿನ ಬೋರಲು ಬುಟ್ಟಿ

ದೋಣಿಮನೆಯ ಬದುಕನ್ನು ಹೊಗಳುವವರು ಸಾಮಾನ್ಯವಾಗಿ ಜೂನ್ ತಿಂಗಳಲ್ಲಿ ಶ್ರೀನಗರಕ್ಕೆ ಬಂದು, ಹತ್ತು ದಿನವಿದ್ದು ಹೊರಟುಹೋಗುತ್ತಾರೆ. ಫಾಜಿಯಂಥವರನ್ನು ಅವರು ಕಾಣುವುದು ಅಪರೂಪ. ಝೇಲಂ ನದಿಯ ದಂಡೆಯಲ್ಲಿ, ನನ್ನ ಮನೆಯ ಕಿಟಕಿಯ ನೇರ ಕೆಳಗೆ ಅವಳ ದೋಣಿಯನ್ನು ಕಟ್ಟಿಹಾಕಲಾಗಿತ್ತು. ನಾನು ಆ ಮನೆಗೆ ಬಂದದ್ದು 1958ರ ಏಪ್ರಿಲ್ 3ರಂದು. ಶಾಲೆಯಲ್ಲಿ ಗಣಿತ ಹೇಳುವ ಕೆಲಸದಿಂದ ನಿವೃತ್ತನಾದ ಮೇಲೂ ಅಲ್ಲಿಯೇ ಉಳಿದೆ. ಆದ್ದರಿಂದ ಇಲ್ಲಿ ಬರೆಯುತ್ತಿರುವುದು ಬಹುಮಟ್ಟಿಗೆ ಕಣ್ಣಾರೆ ಕಂಡದ್ದು.

ಫಾಜಿ ಹುಟ್ಟಿದ್ದು ಒಂದು ದೋಣಿಯಲ್ಲಿ, ಮದುವೆಯಾಗಿ ಬಂದದ್ದು ಇನ್ನೊಂದು ದೋಣಿಗೆ. ಅದು 1951ರ ಅಕ್ಟೋಬರ್ 14, ಭಾನುವಾರ. ಗಂಡ ಅಹದ್ ನದಿಯ ತಳದಿಂದ ಮರಳು ತೆಗೆಯುವವನು. ಅತ್ತೆ ಸೊಸೆಯನ್ನು ಒಳಗೆ ಕರೆದುಕೊಂಡವಳೇ ಮೊದಲು ಕೈಗಿತ್ತದ್ದು ತಳದ ನೀರು ಎತ್ತಿ ಚೆಲ್ಲುವ ಮರದ ಮೊಗೆಯನ್ನು. ಮರದ ದೋಣಿ ಎಷ್ಟೇ ಗಟ್ಟಿಯಾಗಿದ್ದರೂ ಒಸರುತ್ತದೆ. ಬೆಳಿಗ್ಗೆ ಉಪ್ಪಿನ ಚಹಾ ಒಲೆಗೇರುವ ಮುನ್ನ ಒಮ್ಮೆ, ಸಂಜೆ ದೀಪ ಹಚ್ಚುವ ಮುನ್ನ ಒಮ್ಮೆ ಆ ನೀರನ್ನು ಹೊರಗೆ ಚೆಲ್ಲಲೇಬೇಕು. ನದಿ ಒಂದು ಗೇಣು ಇಳಿದರೆ ಹಗ್ಗ ಸಡಿಲಿಸಬೇಕು, ಏರಿದರೆ ಬಿಗಿಯಬೇಕು. ಇಲಿಗಳು ಅದೇ ಹಗ್ಗದ ಮೇಲೆ ನಡೆದು ಒಳಗೆ ಬರುತ್ತವೆ. ಒಣಗಿಸಿಟ್ಟ ಬದನೆ ಬೂಜು ಹಿಡಿಯುತ್ತದೆ, ಹಾಸಿಗೆ ಎಂದೂ ಪೂರ್ತಿ ಒಣಗುವುದಿಲ್ಲ, ನಲವತ್ತು ದಾಟುವ ಮೊದಲೇ ಮಂಡಿಗಳು ಹಿಡಿದುಕೊಳ್ಳುತ್ತವೆ. ಮೂರು ವರ್ಷಕ್ಕೊಮ್ಮೆ ದೋಣಿಯನ್ನು ದಡಕ್ಕೆಳೆದು ಸಂದುಗಳಿಗೆ ಜೊಂಡಿನ ನಾರು ತುರುಕಬೇಕು.

ಇವೆಲ್ಲವೂ ಕಣ್ಣಿಗೆ ಕಾಣುವ ಕಷ್ಟಗಳು. ಕಾಣದ ಕಷ್ಟ ಇನ್ನೊಂದಿತ್ತು. ನೆಲದ ಮೇಲಿನ ಮನೆಗೆ ಬೀಗ ಹಾಕಿ ಊರಿಗೆ ಹೋಗಬಹುದು; ದೋಣಿಗೆ ಹಾಕುವ ಬೀಗ ನೀರನ್ನು ತಡೆಯದು. ಯಾರಾದರೊಬ್ಬರು ಅಲ್ಲಿರಲೇಬೇಕು, ಆ ಒಬ್ಬರು ಯಾವಾಗಲೂ ಫಾಜಿಯೇ. ಇಪ್ಪತ್ತೊಂಬತ್ತು ವರ್ಷಗಳಲ್ಲಿ ಅವಳು ಒಂದು ರಾತ್ರಿಯನ್ನೂ ಹೊರಗೆ ಕಳೆದಿರಲಿಲ್ಲ. ಇದನ್ನು ಅವಳು ದೂರಾಗಿ ಹೇಳಿದ್ದನ್ನು ನಾನು ಕೇಳಿಲ್ಲ.

1981ರ ಫೆಬ್ರವರಿ 7ರಂದು, ಸೋಪೋರ್‌ನಲ್ಲಿದ್ದ ಮಗಳು ಹಲೀಮಾಳಿಗೆ ಹೆಣ್ಣುಮಗು ಹುಟ್ಟಿತೆಂಬ ಸುದ್ದಿ ಬಂತು. ಮೊದಲ ಮೊಮ್ಮಗು. ಅಹದ್ ಹೊರಟ, ಮಗನೂ ಸೊಸೆಯೂ ಹೊರಟರು. ಫಾಜಿ ದಡದವರೆಗೆ ಬಂದು ತುಪ್ಪದ ಡಬ್ಬಿಯನ್ನು ಗಂಡನ ಕೈಗಿತ್ತು, "ಮೂಗು ಯಾರದ್ದು ಅಂತ ಸರಿಯಾಗಿ ನೋಡ್ಕೊಂಡ್ ಬನ್ನಿ. ಬಂದ್ಮೇಲೆ 'ಮಗು ಥರ ಇತ್ತು' ಅಂತ ಹೇಳ್ಬೇಡಿ," ಎಂದಳು.

ಆಗ ಅವಳಿಗೂ ಪಕ್ಕದ ದೋಣಿಯ ಸರ್ವಾಳಿಗೂ ಮಾತಿರಲಿಲ್ಲ. ಹಿಂದಿನ ದಿನವಷ್ಟೇ, ಅಂದರೆ 6ನೆಯ ತಾರೀಖು ಶುಕ್ರವಾರ, ಸರ್ವಾಳ ಬಾತುಕೋಳಿಗಳು ಫಾಜಿಯ ದೋಣಿಯ ಮುಂಭಾಗವನ್ನು ಹೊಲಸು ಮಾಡಿದ್ದರಿಂದ ಜಗಳ ಹತ್ತಿ, ಕತ್ತಲಾದರೂ ಮುಗಿದಿರಲಿಲ್ಲ. ನಮ್ಮ ಕಡೆಯ ದೋಣಿಯವರಲ್ಲಿ ಹಾಗಾದಾಗ ಒಂದು ಬುಟ್ಟಿಯನ್ನು ಬೋರಲು ಹಾಕುತ್ತಾರೆ. ಜಗಳ ಬುಟ್ಟಿಯ ಕೆಳಗಿದೆ ಎಂದರ್ಥ. ಮರುದಿನ ಬುಟ್ಟಿಯನ್ನು ಮಗುಚಿ, ನಿಲ್ಲಿಸಿದ ಮಾತಿನಿಂದಲೇ ಮತ್ತೆ ಮುಂದುವರಿಸಬಹುದು. ಬುಟ್ಟಿ ಬೋರಲಿರುವಷ್ಟು ಹೊತ್ತು ಆ ವಿಷಯ ಎತ್ತುವಂತಿಲ್ಲ. ಆ ರಾತ್ರಿ ತನ್ನ ದೋಣಿಯ ಮುಂಭಾಗದಲ್ಲಿ ಬೋರಲು ಹಾಕಿದ ಬುಟ್ಟಿಯನ್ನು ಫಾಜಿ ಮಗುವಿನ ಸುದ್ದಿಯ ಗಡಿಬಿಡಿಯಲ್ಲಿ ಮಗುಚಲಿಲ್ಲ. ಇಬ್ಬರೂ ಹಟಮಾರಿಗಳು: ಜಗಳದ ಮಾತಿರಲಿ, ಯಾವ ಮಾತನ್ನೂ ಆಡದೆ ಐದು ದಿನ ಕಳೆದರು.

10ನೆಯ ತಾರೀಖು ಸಂಜೆ ಹಿಮ ಬೀಳಲಾರಂಭಿಸಿತು. 12ನೆಯ ತಾರೀಖು ಗುರುವಾರ ಬೆಳಿಗ್ಗೆ ಎಂಟು ಗಂಟೆಗೆ ನಾನು ಕಿಟಕಿ ತೆರೆದಾಗ ಬುಟ್ಟಿ ಹಿಮದಲ್ಲಿ ಹೂತು ದಿಬ್ಬವಾಗಿತ್ತು. ಫಾಜಿಯ ದೋಣಿ ಎಂದಿಗಿಂತ ತಗ್ಗಾಗಿ ಕಂಡಿತು. ನೀರಿನಲ್ಲಿರುವ ಹಲಗೆ ಉಬ್ಬಿ ಬಿಗಿಯಾಗಿರುತ್ತದೆ. ನೀರಿನ ಮೇಲಿರುವ ಹಲಗೆ ಒಣಗಿ ಸಂದು ಬಿಟ್ಟಿರುತ್ತದೆ. ಚಾವಣಿಯ ಹಿಮದ ಭಾರಕ್ಕೆ ದೋಣಿ ತಗ್ಗಿದರೆ ಆ ಒಣ ಸಂದುಗಳು ನೀರಿಗಿಳಿಯುತ್ತವೆ, ಆಮೇಲೆ ಯಾವ ಮೊಗೆಯೂ ಸಾಲದು. ಹಿಮವನ್ನು ಒಂದೇ ಕಡೆಯಿಂದ ತೆಗೆದರೂ ಅಪಾಯವೇ. ಭಾರ ಉಳಿದ ಬದಿಗೆ ದೋಣಿ ವಾಲುತ್ತದೆ. ಇಬ್ಬರು ಎರಡೂ ಬದಿಯ ಹಲಗೆಯ ಮೇಲೆ ಎದುರುಬದುರಾಗಿ ನಿಂತು, ಒಂದೇ ಲಯದಲ್ಲಿ, ಉದ್ದ ಹಿಡಿಯ ಮರದ ಸಲಿಕೆಯಿಂದ ಎಳೆಯಬೇಕು. ಫಾಜಿ ಒಬ್ಬಳೇ ಇದ್ದಳು.

ಅವಳು ಎಡಬದಿಯಲ್ಲಿ ಹತ್ತು ಸಲ ಎಳೆದು, ಹಿಮದಲ್ಲಿ ಜಾರುತ್ತ ಬಲಬದಿಗೆ ಹೋಗಿ ಹತ್ತು ಸಲ ಎಳೆದು, ಮತ್ತೆ ಎಡಕ್ಕೆ ಬರುತ್ತಿದ್ದಳು. ಪ್ರತಿಯೊಂದು ಸುತ್ತಿಗೂ ದೋಣಿ ಅತ್ತಿತ್ತ ತೂಗುತ್ತಿತ್ತು. ನಾನು ಮೆಟ್ಟಿಲಿಳಿದು ದೋಣಿಗೆ ಕಾಲಿಡಲು ಹೋದೆ.

"ಮಾಸ್ಟರ್ ಸಾಹೇಬ್ರೆ, ಅಲ್ಲೇ ನಿಲ್ಲಿ!" ಎಂದು ಕೂಗಿದಳು. "ನಿಮ್ಮ ಕಾಲಿಗೆ ನೆಲ ಮಾತ್ರ ಗೊತ್ತು. ನೀವು ಹತ್ತಿದ್ರೆ ನಾನು ಹಿಮ ಎತ್ತಲೋ, ನಿಮ್ಮನ್ನ ಎತ್ತಲೋ? ನೀರಿನ್ ಮೇಲೆ ಎಷ್ಟು ಹಲಗೆ ಕಾಣುತ್ತೆ, ಅದನ್ನ ಹೇಳಿ ಸಾಕು."

"ಎರಡು," ಎಂದೆ. ಮಾಮೂಲಾಗಿ ನಾಲ್ಕು ಕಾಣಬೇಕಾಗಿತ್ತು. ಸ್ವಲ್ಪ ಹೊತ್ತಿನ ಮೇಲೆ, "ಬಲಬದಿಯಲ್ಲಿ ಒಂದೂವರೆ," ಎನ್ನಬೇಕಾಯಿತು. ಒಳಗಿನಿಂದ ನೀರು ತೊಟ್ಟಿಕ್ಕುವ ಸದ್ದು ದಡಕ್ಕೂ ಕೇಳಿಸಿತು.  ಫಾಜಿ ಪಕ್ಕದ ದೋಣಿಯತ್ತ ನೋಡಿದಳು, ಕೂಗಲಿಲ್ಲ.

ಕೂಗುವ ಅಗತ್ಯವೂ ಬೀಳಲಿಲ್ಲ. ಸರ್ವಾ ಆಗಲೇ ಸಲಿಕೆ ಹಿಡಿದು, ಫೆರನ್ ಎಂಬ ಉಣ್ಣೆಯ ನಿಲುವಂಗಿಯ ಅಂಚನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ದೋಣಿಯಿಂದ ದೋಣಿಗೆ ದಾಟಿ ಬಲಬದಿಯಲ್ಲಿ ನಿಂತಿದ್ದಳು. ಬಾಯಿ ಬಿಚ್ಚಲಿಲ್ಲ. ಇಬ್ಬರೂ ಎಳೆಯತೊಡಗಿದರು. ಆದರೆ ನಡುವೆ ಚಾವಣಿ. ಒಬ್ಬರಿಗೆ ಇನ್ನೊಬ್ಬರು ಕಾಣರು. ಒಬ್ಬಳು ಎರಡು ಸಲ ಎಳೆಯುವಷ್ಟರಲ್ಲಿ ಇನ್ನೊಬ್ಬಳು ನಾಲ್ಕು ಸಲ ಎಳೆಯುತ್ತಿದ್ದಳು; ದೋಣಿ ಇನ್ನಷ್ಟು ಹೊಯ್ದಾಡಿತು. ಲಯಕ್ಕೆ ದನಿ ಬೇಕು. ದನಿಗೆ ಬುಟ್ಟಿ ಅಡ್ಡ.

ಫಾಜಿ ಸಲಿಕೆಯನ್ನು ಒರಗಿಸಿ ಮುಂಭಾಗಕ್ಕೆ ಹೋದಳು. ಹಿಮದ ದಿಬ್ಬವನ್ನು ಒದ್ದು, ಬುಟ್ಟಿಯನ್ನು ಮಗುಚಿ, ಮರಳಿ ತನ್ನ ಜಾಗದಲ್ಲಿ ನಿಂತು ಗಂಟಲೆತ್ತಿದಳು:

"ನಿನ್ನ ಬಾತುಕೋಳಿಗೆ ನನ್ನ ದೋಣೀನೇ ಬೇಕಾ!"

ಹಿಮ ಎಡಕ್ಕೆ ಬಿತ್ತು.

"ನಿನ್ನ ದೋಣಿ ಒಳಗೂ ಕೆರೆ, ಹೊರಗೂ ಕೆರೆ! ಪಾಪ, ಅವಕ್ಕೇನ್ ಗೊತ್ತಾಗುತ್ತೆ!"

ಹಿಮ ಬಲಕ್ಕೆ ಬಿತ್ತು.

"ನಿಮ್ಮತ್ತೆ ನಾರು ತುರುಕಿದ್ದ ದೋಣಿ ಅಲ್ವಾ ನಿಂದು! ಜರಡಿ ಇನ್ನೂ ವಾಸಿ!" ಫಾಜಿ ತಿರುಗಿಸಿ ಕೊಟ್ಟಳು.

"ಜರಡೀಲೇ ಮೂವರು ಮಕ್ಕಳನ್ನ ಸಾಕಿದೀನಿ ಕಣೇ! ನೀನು ನಿನ್ನ ಗಂಡನಿಗೊಂದು ಒಣ ಹಾಸಿಗೆ ಹಾಕಿದೀಯಾ?"

"ಒಣ ಹಾಸಿಗೆ ಬೇಕಾದವನು ಮಾಸ್ಟರ್ ಸಾಹೇಬ್ರ ಮನೇಲಿ ಹುಟ್ಬೇಕಿತ್ತು!"

ಪ್ರತಿ ಮಾತಿಗೆ ಒಂದು ಎಳೆತ. ಅವಳ ಮಾತು ಮುಗಿಯುವಲ್ಲಿಗೆ ಇವಳ ಸಲಿಕೆ, ಇವಳ ಮಾತು ಮುಗಿಯುವಲ್ಲಿಗೆ ಅವಳದು. ಗಣಿತ ಹೇಳಿದ ನನ್ನ ಮೂವತ್ತು ವರ್ಷಗಳಲ್ಲಿ ಇಷ್ಟು ಸಮವಾದ ಭಾಗಾಕಾರವನ್ನು ನಾನು ಕಂಡಿರಲಿಲ್ಲ. ಎರಡು ಹಲಗೆ, ಎರಡೂವರೆ, ಮೂರು ಎಂದು ನಾನು ಕೂಗುತ್ತ ಹೋದೆ. ಒಂಬತ್ತೂ ಮುಕ್ಕಾಲಿಗೆ ನಾಲ್ಕನೆಯ ಹಲಗೆ ಎರಡೂ ಬದಿಯಲ್ಲಿ ಮೇಲೆ ಬಂತು.

ಆಮೇಲೆ ಇಬ್ಬರೂ ಒಳಗೆ ಕುಳಿತು ನೀರು ಚೆಲ್ಲಿದರು. ಸರ್ವಾ ತನ್ನ ದೋಣಿಯಿಂದ ತಂದ ಪಾತ್ರೆಯನ್ನು ಕೆಳಗಿಟ್ಟು ಕೇಳಿದಳು: "ಮಗು ನೋಡೋಕೆ ಹೋಗಲ್ವಾ?"

"ಯಾರ್ ಹೋಗಕ್ಕಾಗುತ್ತೆ? ಇದನ್ನ ಬಿಟ್ಟು?"

"ಅಹದಣ್ಣ ಬರ್ಲಿ ಅಂತ ಕಾಯ್ತೀಯಾ? ಬಂದ್ಮೇಲೆ ಅವನಿಗೆ ಊಟ ಹಾಕೋರ್ ಯಾರು ಅಂತೀಯ. ನಿನ್ನ ಹಣೆಬರಹ ನಂಗೊತ್ತು. ದಾರಿ ಬಿಡ್ತಿದ್ದ ಹಾಗೆ ಹೊರಡು. ನಮ್ಮನೇಲಿ ಮಗ ಸೊಸೆ ಇದಾರೆ. ನಿನ್ನ ಈ ಜರಡೀನೂ ನಾನೇ ನೋಡ್ಕೋತೀನಿ."

"ನೀನಾ? ಬೆಳಿಗ್ಗೆ ಒಂದ್ಸಲ, ಸಂಜೆ ಒಂದ್ಸಲ. ಹಗ್ಗ..."

"ನಾನೇನು ಮೊನ್ನೆ ದಡದಿಂದ ಬಂದೋಳಾ?"

ಫಾಜಿ ತನ್ನ ಮೊಗೆಯನ್ನು ಅವಳ ಕೈಗೆ ಕೊಟ್ಟಳು. ಆ ಮೊಗೆ ಮನೆಯವರಲ್ಲದವರ ಕೈ ಸೇರಿದ್ದನ್ನು ನಾನು ಅಂದೇ ಮೊದಲು ಕಂಡದ್ದು.

15ನೆಯ ತಾರೀಖು ಭಾನುವಾರ ರಸ್ತೆ ತೆರೆಯಿತು. ಫಾಜಿ ಹೊಸ ಫೆರನ್ ತೊಟ್ಟು, ಹಗ್ಗದ ಗಂಟುಗಳನ್ನು ಮೂರು ಬಾರಿ ಎಳೆದು ನೋಡಿ, ಮುಂಭಾಗದ ಬುಟ್ಟಿಯನ್ನು ಮತ್ತೆ ಬೋರಲು ಹಾಕಿದಳು.

"ಯಾಕೆ? ನನ್ನ ಮಾತು ಇನ್ನೂ ಮುಗಿದಿಲ್ಲ," ಎಂದಳು ಸರ್ವಾ.

"ಮುಗೀಬಾರ್ದು. ಬಂದ್ಮೇಲೆ ಬೇಕು."

ಅವಳು ಸೋಪೋರ್‌ನಲ್ಲಿ ಎರಡು ರಾತ್ರಿ ಕಳೆದು, 17ನೆಯ ತಾರೀಖು ಮಂಗಳವಾರ ಮಧ್ಯಾಹ್ನ ಗಂಡ, ಮಗ, ಸೊಸೆಯೊಡನೆ ಹಿಂತಿರುಗಿದಳು. ಮೂಗು ತನ್ನದೇ ಎಂದು ದಡದಿಂದಲೇ ನನಗೆ ಕೂಗಿ ಹೇಳಿದಳು. ದೋಣಿ ಹತ್ತಿದವಳು ಗಂಟನ್ನು ಇಳಿಸುವ ಮೊದಲೇ ತಳದ ಹಲಗೆಯೊಂದನ್ನೆತ್ತಿ ಕೈಯಿಟ್ಟು ನೋಡಿದಳು. ಒದ್ದೆಯಿತ್ತು, ನೀರು ನಿಂತಿರಲಿಲ್ಲ. ಬಹಳ ಹೊತ್ತು ಆ ಕೈಯನ್ನು ಅಲ್ಲಿಯೇ ಇಟ್ಟುಕೊಂಡಿದ್ದಳು.

ಆನಂತರ ಹೊರಗೆ ಬಂದು ಬುಟ್ಟಿಯನ್ನು ಮಗುಚಿದಳು.

"ಎಲ್ಲಿಗೆ ನಿಲ್ಸಿದ್ವಿ?"

"ಬಾತುಕೋಳಿ ಹತ್ರ," ಎಂದಳು ಸರ್ವಾ ತನ್ನ ದೋಣಿಯಿಂದ.

ಬಾತುಕೋಳಿಗಳು ಆರೂ ಫಾಜಿಯ ದೋಣಿಯ ಮೇಲೆಯೇ ಬಿಸಿಲು ಕಾಯಿಸುತ್ತಿದ್ದವು.