ಒಡೆಯುತ್ತಿದ್ದ ಮೇಲಿನ ಸ್ವರ

ಮೊನ್ನೆ ಲಿಫ್ಟಿನ ಬಾಗಿಲು ತೆರೆದಾಗ ನೀಲಗಿರಿ ಎಣ್ಣೆಯ ವಾಸನೆ ಬಂತು. ನೆಗಡಿಯಾದವರು ಯಾರೋ ಆಗಷ್ಟೇ ಇಳಿದು ಹೋಗಿರಬೇಕು. ನಾನು ಮಾತ್ರ ಇಳಿಯಬೇಕಾದ ಮಹಡಿ ಮರೆತು ಮೇಲಕ್ಕೂ ಕೆಳಕ್ಕೂ ತೇಲುತ್ತ ನಿಂತೆ...

ನಾನು ಕೆಲಸಕ್ಕೆಂದು ಬಂದ ಪರದೇಶದ ಬಡಾವಣೆ ಮಾಂಟ್ ಕಿಯಾರಾದ ಈ ಕಟ್ಟಡದ ಮೂರನೆಯ ಮಹಡಿಯಲ್ಲಿ, ನನ್ನ ಪಕ್ಕದ ಮನೆಯಲ್ಲಿದ್ದ ಡಾಕ್ಟರು ಆ ಎಣ್ಣೆಯನ್ನು ಗಂಟಲಿಗೆ ಹಚ್ಚಿಕೊಂಡೇ ಹಾಡಲು ನಿಲ್ಲುತ್ತಿದ್ದರು. ಉಡುಪಿ ಕಡೆಯವರು, ಮೆಡಿಕಲ್ ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದರು. ಅವರಿಗೆ ಬರುತ್ತಿದ್ದದ್ದು ಒಂದೇ ಹಾಡು, ಹಾಸ್ಟೆಲಿನ ಕಾಲದಲ್ಲಿ ಕ್ಯಾಸೆಟ್ ಕೇಳಿ ಕಲಿತದ್ದು: ಬೆಳದಿಂಗಳಲ್ಲಿ ಪ್ರಿಯತಮೆಯ ಕಿಟಕಿಯ ಕೆಳಗೆ ನಿಂತು ಪ್ರೇಮಿ ಕರೆಯುವ, ಸುಮಾರು ಇನ್ನೂರು ವರ್ಷ ಹಳೆಯ ಜರ್ಮನ್ ಹಾಡು. ಪ್ರತಿ ವರ್ಷ ಮದುವೆಯ ದಿನ ಅದನ್ನು ಹೆಂಡತಿಗೆ ಹಾಡುವುದು ಅವರ ಮನೆಯ ವ್ರತ. ಕೊನೆಯ ಮೇಲಿನ ಸ್ವರ ಪ್ರತಿ ಸಲವೂ ಒಡೆಯುತ್ತಿತ್ತು, ಕುಕ್ಕರಿನ ಮೊದಲ ಸೀಟಿಯ ಹಾಗೆ.

ಸೆಕ್ಯುರಿಟಿ ಗಾರ್ಡು, ನನ್ನ ಬಾಸು, ಅಮ್ಮನಿಗೆ ಫೋನಿನಲ್ಲಿ ಸುಳ್ಳು ಹೇಳುವ ನಾನು... ಯಾರನ್ನೂ ಬಿಡದೆ ಮಿಮಿಕ್ರಿ ಮಾಡುತ್ತಿದ್ದವನು ಆ ಸೀಟಿಯನ್ನು ಬಿಡುತ್ತೇನೆಯೇ? ಒಮ್ಮೆ ಲಿಫ್ಟಿನಲ್ಲಿ ಹಾಡಿ ತಿರುಗಿದರೆ ಡಾಕ್ಟರೇ ಹಿಂದೆ ನಿಂತಿದ್ದರು. ‘ಉಸಿರು ಒಳ್ಳೇದುಂಟು ಮಾರಾಯ’ ಎಂದಷ್ಟೇ ಹೇಳಿ ಇಳಿದು ಹೋದರು.

ಕೊರೋನಾದ ಎರಡನೆಯ ವರ್ಷ ಅವರಿಗೆ ಸೋಂಕು ತಗುಲಿ ವಾಸಿಯಾಯಿತು. ಉಸಿರು ಮಾತ್ರ ಪೂರ್ತಿ ಹಿಂತಿರುಗಲಿಲ್ಲ. ಅಷ್ಟರಲ್ಲಿ ಅವರ ಹೆಂಡತಿಗೆ, ನಾನು ಆಂಟಿ ಎನ್ನುತ್ತಿದ್ದವರಿಗೆ, ಬಂತು. ಕೋಣೆ ಸೇರಿದವರು ಎರಡು ದಿನ ಗಂಜಿ ಮುಟ್ಟಲಿಲ್ಲ. ಏನು ಕೇಳಿದರೂ ‘ಬೇಡ’. ಮೂರನೆಯ ದಿನವೇ ಅವರ ಮದುವೆಯ ದಿನ. ಡಾಕ್ಟರು ನನ್ನ ಬಾಗಿಲು ತಟ್ಟಿದರು.

‘ನಂಗೆ ಎರಡು ಸಾಲಿಗೇ ದಮ್ಮು ಕಟ್ತದೆ. ನೀನು ಹಾಡು, ನಾನು ಕೈ ಆಡಿಸ್ತೇನೆ. ಮಾಸ್ಕ್ ಉಂಟಲ್ಲ, ಬಾಯಿ ಯಾರಿಗೆ ಕಾಣ್ತದೆ?’

‘ಡಾಕ್ಟ್ರೇ, ನನಗೆ ಜರ್ಮನ್ ಬರಲ್ಲ!’

‘ನಂಗೆ ಮಾತ್ರ ಎಂತ ಬರ್ತದೆ? ನನ್ನ ಹಾಗೇ ಹಾಡು, ಸಾಕು ಲಾ’ ಎಂದರು, ಇಲ್ಲಿಯವರ ‘ಲಾ’ ಸೇರಿಸಿ.

ಸಂಜೆ. ಟೇಪು ಕಟ್ಟಿ ಮುಚ್ಚಿದ್ದ ಈಜುಕೊಳದಲ್ಲಿ ದೇವಕಣಗಿಲೆ ಹೂಗಳು ತೇಲುತ್ತಿದ್ದವು. ರಸ್ತೆಯಲ್ಲಿ ಒಂದು ಕಾರಿಲ್ಲ. ಇಡೀ ಊರು ಯಾರದೋ ನಿದ್ದೆಯೊಳಗೆ ಇದ್ದಂತೆ... ಆಂಟಿಯ ಕಿಟಕಿಯ ಕೆಳಗೆ, ದೀಪದ ಬೆಳಕಿನಲ್ಲಿ ಡಾಕ್ಟರು. ಅವರ ಹಿಂದಿನ ಕುಂಡದ ಗಿಡಗಳ ಮರೆಯಲ್ಲಿ, ಸೊಳ್ಳೆಗಳಿಗೆ ಊಟವಾಗಿ ನಾನು. ಹಾಡಿದೆ. ಮೇಲಿನ ಸ್ವರ ಹತ್ತಿರವಾದಾಗ, ಇವತ್ತಾದರೂ ಸರಿಯಾಗಿ ಮುಟ್ಟಿಸಲೇ ಎಂದು ಆಸೆಯಾಯಿತು. ಆದರೆ ನನ್ನ ಗಂಟಲಿಗೆ ಗೊತ್ತಿದ್ದದ್ದು ಅವರ ಹಾಡು ಮಾತ್ರ. ಒಡೆಯಿತು.

ಕಿಟಕಿ ಸರಿಯಿತು.

‘ರೀ, ಈ ವರ್ಷವೂ ಒಡೀತಲ್ಲ ಅದು! ಸಾಕು, ಮೇಲೆ ಬನ್ನಿ. ಗಂಜಿ ಬಿಸಿ ಮಾಡಿ.’

ಡಾಕ್ಟರು ಇನ್ನೂ ಕೈ ಆಡಿಸುತ್ತಲೇ ಇದ್ದರು.

ಆಂಟಿ ಚೇತರಿಸಿಕೊಂಡರು. ಡಾಕ್ಟರ ಉಸಿರು ಮುಂದಿನ ಮದುವೆಯ ದಿನದವರೆಗೆ ಎಳೆಯಲಿಲ್ಲ... ಊರಿಗೆ ಹೊರಡುವಾಗ ಆಂಟಿ ಅರ್ಧ ಉಳಿದಿದ್ದ ಎಣ್ಣೆಯ ಬಾಟಲಿಯನ್ನು ನನ್ನ ಕೈಗಿಟ್ಟರು. ‘ಆ ಸಂಜೆ ಕೇಳಿದಷ್ಟುದ್ದ ಉಸಿರು ಅವರಿಗೆ ಮದುವೆಯಾದ ವರ್ಷವೂ ಇರ್ಲಿಲ್ಲ ಮಗಾ. ಆದ್ರೆ ಒಡೆದದ್ದು ಅವರದ್ದೇ.’

ಮೊನ್ನೆ ಲಿಫ್ಟಿನಿಂದ ಮನೆಗೆ ಬಂದು, ಆ ಹಾಡನ್ನು ಮೊದಲ ಬಾರಿಗೆ ಫೋನಿನಲ್ಲಿ ಹುಡುಕಿ ಹಾಕಿದೆ. ದೊಡ್ಡ ಗಾಯಕ. ರೇಷ್ಮೆ ಎಳೆದಂತೆ ಮೇಲಿನ ಸ್ವರಕ್ಕೆ ಏರಿದ, ಇಳಿದ. ಎಲ್ಲೂ ಒಡೆಯಲಿಲ್ಲ. ಹಾಡು ಮುಗಿದ ಮೇಲೂ ನಾನು ಕಿವಿಗೊಟ್ಟು ಕೂತೇ ಇದ್ದೆ, ಆ ಸೀಟಿಗಾಗಿ...