ಕೆನ್ನೆಯ ಬಾವು ಕಂಡ ಫೋಟೊ

ಮೊನ್ನೆ ಹಳಿಯಾಳದಿಂದ ದಾಂಡೇಲಿಗೆ ಹೋಗುವ ಬಸ್ಸಿನಲ್ಲಿ ಪಕ್ಕದ ಹುಡುಗಿ ಚೀಲದಿಂದ ಪೌಡರ್ ಡಬ್ಬಿ ತೆಗೆದು ಮುಖಕ್ಕೆ ಬಳಿದುಕೊಂಡಳು. ಆ ವಾಸನೆಗೆ ನನ್ನ ಎಡಗೆನ್ನೆ ಈಗಲೂ ಉರಿಯುತ್ತದೆ... ದಾಂಡೇಲಿಯಲ್ಲಿ ನಮ್ಮ ಫೋಟೊ ತೆಗೆಯುತ್ತಿದ್ದ ಸ್ಟುಡಿಯೋದವರು ತೀರಿಕೊಂಡ ಸುದ್ದಿ ಕೇಳಿಯೇ ನಾನು ಹೊರಟಿದ್ದೆ.

ಅವರ ಕೈಗೆ ಸಿಕ್ಕರೆ ಕೋಣವೂ ಮದುಮಗನಾಗುತ್ತದೆ ಎಂದು ಜನ ತಮಾಷೆ ಮಾಡುತ್ತಿದ್ದರು. ಅಷ್ಟು ಚಂದದ ಫೋಟೊ ತೆಗೆಯುತ್ತಿದ್ದರು. ಮುಖ ಸರಿಯಾಗಿ ತಿರುಗಿಸಲೆಂದು ಹೆಂಗಸರ ಗದ್ದವನ್ನು ಮಾತ್ರ ಎಂದೂ ಮುಟ್ಟಿದವರಲ್ಲ. ಕ್ಯಾಮೆರಾದ ಪಕ್ಕ ನಿಂತು ತಮ್ಮ ಮುಖವನ್ನೇ ತಿರುಗಿಸಿ, ಬಾಗಿಸಿ ತೋರಿಸುತ್ತಿದ್ದರು. ನಾವು ಹಾಗೇ ಮಾಡಬೇಕು. ದಪ್ಪ ಮೀಸೆಯ ಆ ಮನುಷ್ಯ ಮದುಮಗಳ ಹಾಗೆ ನಾಚುವುದನ್ನು ನೋಡಿ ನಗು ತಡೆಯುವುದೇ ಕಷ್ಟವಾಗುತ್ತಿತ್ತು.

ನನ್ನ ಗಂಡ ಎನಿಸಿಕೊಂಡವನು ನನ್ನನ್ನು ತೇರಗಾಂವದ ತವರಿಗೆ ಕಳಿಸುತ್ತಿರಲಿಲ್ಲ. ದೀಪಾವಳಿಗೆ ನನ್ನ ಬದಲು ನಮ್ಮ ಜೋಡಿ ಫೋಟೊ ಹೋಗುತ್ತಿತ್ತು. ಸ್ಟುಡಿಯೋದವರೇ ಅದನ್ನು ಬಸ್ಸಿನ ಕಂಡಕ್ಟರನ ಕೈಗೆ ಕೊಟ್ಟು ಕಳಿಸುತ್ತಿದ್ದರು. ಪ್ರತಿ ಸಲವೂ ನನ್ನ ಮೈಮೇಲೆ ಎಲ್ಲಾದರೂ ಒಂದು ಗಾಯ ಇದ್ದೇ ಇರುತ್ತಿತ್ತು. ಅವರು ಸೆರಗು ಎಳೆಸಿ, ಪೌಡರ್ ಹಚ್ಚಿಸಿ, ನೆರಳಿಗೆ ತಿರುಗಿಸಿ ಅದನ್ನು ಮುಚ್ಚುತ್ತಿದ್ದರು. ಫೋಟೊ ನೋಡಿದ ಅವ್ವ ಮಗಳು ಸುಖವಾಗಿದ್ದಾಳೆ ಎಂದುಕೊಳ್ಳುತ್ತಿದ್ದಳು.

ಕೊನೆಯ ದೀಪಾವಳಿಯಲ್ಲಿ ಅವನು ನನ್ನ ತಲೆಯನ್ನು ಬಾಗಿಲ ಚೌಕಟ್ಟಿಗೆ ಬಡಿದಿದ್ದ. ಎಡಗಣ್ಣು ಮುಚ್ಚಿಹೋಗಿ ಕೆನ್ನೆ ಕಪ್ಪಗೆ ಬಾತುಕೊಂಡಿತ್ತು. ಆ ಮುಖಕ್ಕೆ ಪೌಡರ್ ಬಳಿಸಿ, ಬಡಿದ ಕೈಯಿಂದಲೇ ನನ್ನ ಹೆಗಲು ಹಿಡಿದು ಸ್ಟುಡಿಯೋಕ್ಕೆ ಕರೆತಂದ.

"ಅಕ್ಕಾರ, ಪೌಡರ್ ಒರೆಸ್ಕೊಳ್ರಿ, ಲೈಟಿಗೆ ಹೊಳೀತೈತಿ," ಎಂದರು ಸ್ಟುಡಿಯೋದವರು. ಅವನಿಗೆ, "ಸಾಹೇಬ್ರ, ಎದಿ ಮುಂದ ಮಾಡ್ರಿ. ಕ್ಯಾಮೆರಾ ಬಿಟ್ಟು ಬ್ಯಾರೆ ಕಡೆ ನೋಡಬ್ಯಾಡ್ರಿ. ರಾಜನಂಗ ಕಾಣಾಕತ್ತೀರಿ," ಎಂದರು. ಅವನು ಹಿಗ್ಗಿ ನೆಟ್ಟಗೆ ಕುಳಿತ. ಆಮೇಲೆ ಅವರು ನನ್ನನ್ನೇ ನೋಡುತ್ತಾ ತಮ್ಮ ಮುಖವನ್ನು ನಿಧಾನವಾಗಿ ತಿರುಗಿಸಿದರು... ಬೆಳಕಿನ ಕಡೆಗೆ, ಹಾಗೆ ಕೂತರೆ ನನ್ನ ಬಾವು ಪೂರ್ತಿ ಕಾಣುವಂತೆ. ಪಕ್ಕದಲ್ಲೇ ಅವನಿದ್ದ. ಆದರೂ ತಿರುಗಿದೆ.

ಆ ವಾರದಲ್ಲೇ ಅಣ್ಣ ಫೋಟೊ ಹಿಡಿದು ಬಂದ. ಅದನ್ನು ನನ್ನ ಗಂಡನ ಮೂಗಿಗೆ ಹಿಡಿದು, ಬೀದಿಗೆ ಎಳೆದು, ಬಾಯಲ್ಲಿ ರಕ್ತ ಬರುವ ತನಕ ಬಡಿದ. ಸುಳ್ಳು ಯಾಕೆ ಹೇಳಲಿ, ನನಗೆ ಸಮಾಧಾನವೇ ಆಯಿತು. ನಾವು ತೇರಗಾಂವಕ್ಕೆ ಹೊರಟ ಮೇಲೆ ಅವನು ಸ್ಟುಡಿಯೋಕ್ಕೆ ನುಗ್ಗಿ ಕ್ಯಾಮೆರಾ ಒಡೆದ. ದೀಪದ ಕಬ್ಬಿಣದ ಸ್ಟ್ಯಾಂಡ್ ಎತ್ತಿ ಅವರ ಮುಖಕ್ಕೇ ಹೊಡೆದ. ಅವರ ಬಲಗಣ್ಣು ಹೋಯಿತು.

ಅವರನ್ನು ನೋಡಲು ಹೋದಾಗ ಬ್ಯಾಂಡೇಜಿನಿಂದ ಇನ್ನೂ ರಕ್ತ ಜಿನುಗುತ್ತಿತ್ತು. "ಯಾಕ ಹಿಂಗ ಮಾಡಿದ್ರಿ?" ಎಂದು ಅಳುತ್ತಾ ಕೇಳಿದೆ.

"ಎಷ್ಟ ಸಲ ಮುಚ್ಚೂದ್ರೀ? ಬರೂ ವರ್ಷ ಹಾರ ಹಾಕಾಕಂತ ನಿಮ್ಮ ಫೋಟೊ ದೊಡ್ಡದು ಮಾಡ್ಕೊಡ್ರಿ ಅಂತ ಬರ್ತಿದ್ದ ಅಂವ."

ಅವರು ಮತ್ತೆ ಕ್ಯಾಮೆರಾ ಹಿಡಿಯಲಿಲ್ಲ...

ಮೊನ್ನೆ ಅವರ ಮನೆ ಮುಂದೆ ಶ್ರದ್ಧಾಂಜಲಿಯ ದೊಡ್ಡ ಬ್ಯಾನರ್ ಕಟ್ಟಿದ್ದರು. ಅದರಲ್ಲಿ ಅವರಿಗೆ ಎರಡೂ ಕಣ್ಣುಗಳಿದ್ದವು. "ಕಂಪ್ಯೂಟರ್‌ನ್ಯಾಗ ಸರಿ ಮಾಡ್ಸೇವ್ರಿ, ಛಲೋ ಕಾಣ್ಲಿ ಅಂತ," ಎಂದಳು ಅವರ ಸೊಸೆ. ಆ ಬ್ಯಾನರನ್ನು ಹರಿದುಹಾಕುವಷ್ಟು ಸಿಟ್ಟು ಬಂತು. ಸಾವಿನ ಮನೆ, ನುಂಗಿಕೊಂಡೆ. ಕೈ ಮುಗಿಯುವಾಗ ನನಗಾಗಿ ಹೋದ ಆ ಬಲಗಣ್ಣಿನ ಕುಳಿಯನ್ನು ಹುಡುಕಿದೆ. ಅಲ್ಲಿಂದ ಯಾರದೋ ಚಂದದ ಕಣ್ಣು ನನ್ನನ್ನು ನೋಡುತ್ತಿತ್ತು.