ಕೈ ಹಿಂದೆ ಕಟ್ಟಿಕೊಂಡು ಬಸ್ ತೊಳೆಸುವ ದೊಡ್ಡಕ್ಕ

ಬೆಳಗಿನ ಜಾವ ನಾಲ್ಕೂಕಾಲು. ಬಸ್ ಡಿಪೋದ ಹಿಂದಿನ ಅಂಗಳದಲ್ಲಿ ಪೈಪಿನ ನೀರು ಧೋ ಎಂದು ಸುರಿಯುತ್ತಿದೆ. ಬಸ್ಸು ಐವತ್ತೆಂಟು, ತೊಳೆಯುವವರು ಒಂಬತ್ತು ಜನ. ಮೊದಲ ಬಸ್ಸು ಹೊರಡುವುದು ಐದೂವರೆಗೆ, ಕೊನೆಯದು ಏಳಕ್ಕೆ. ಮೂವರ ಗುಂಪಿಗೆ ಒಂದು ಬಸ್ಸು, ಬಸ್ಸಿಗೆ ಎಂಟೇ ನಿಮಿಷ. ಇವರೆಲ್ಲರ ನಡುವೆ ಒಬ್ಬ ಹೆಂಗಸು ಕೈಗಳನ್ನು ಹಿಂದೆ ಕಟ್ಟಿಕೊಂಡು, ಎಡಗಾಲು ಎಳೆಯುತ್ತಾ ಓಡಾಡುತ್ತಿದ್ದಾರೆ.

ಒಂದು ಬಸ್ಸಿನ ಕಿಟಕಿಯ ಮೇಲೆ ಕೆಸರಿನ ಗೆರೆ ಉಳಿದಿದೆ. ಇವರ ಬಗ್ಗೆ ಬರೆಯಲು ಬಂದ ನನಗೇ ಕಾಣುತ್ತಿದೆ, ಅವರಿಗೆ ಕಾಣದೆ ಇರುತ್ತದೆಯೇ? ಆದರೂ ಒರೆಸುವ ಬಟ್ಟೆ ಮುಟ್ಟುವುದಿಲ್ಲ. ಅದನ್ನು ತೊಳೆದ, ಟೋಪಿ ಹಾಕಿದ ಹುಡುಗನನ್ನು ಬಸ್ಸಿನೊಳಗೆ ಕರೆದು ಮೆಲ್ಲಗೆ ಕೇಳುತ್ತಾರೆ: "ಇವತ್ತು ಇದ್ರಲ್ಲಿ ನಿಮ್ಮಮ್ಮ ಹತ್ತಿದ್ರೆ ಯಾವ ಸೀಟಲ್ಲಿ ಕೂರಿಸ್ತೀಯಪ್ಪಾ?" ಅವನು ಒಂದು ಸುತ್ತು ನೋಡುತ್ತಾನೆ, ನಾಲಿಗೆ ಕಚ್ಚಿಕೊಳ್ಳುತ್ತಾನೆ, ಒದ್ದೆ ಬಟ್ಟೆ ತರಲು ಇಳಿದು ಹೋಗುತ್ತಾನೆ.

"ಕೈ ತುರಿಸುತ್ತೆ ಸಾರ್," ಎನ್ನುತ್ತಾರೆ ನನ್ನ ಕಡೆ ತಿರುಗಿ. "ನಾನೇ ಒರೆಸಿಬಿಟ್ರೆ ಅರ್ಧ ನಿಮಿಷದ ಕೆಲಸ. ಅದಕ್ಕೇ ಕೈ ಕಟ್ಕೊಂಡಿರೋದು."

ನಾಯಕತ್ವದ ತರಬೇತಿ ಅಂತ ಎರಡು ದಿನ ತಂಪು ಕೋಣೆಯಲ್ಲಿ ಕೂತು, ಬಿಸ್ಕತ್ತು ತಿಂದು, ಸರ್ಟಿಫಿಕೇಟು ತಂದವನು ನಾನು. ಅಲ್ಲಿ ಕಲಿತದ್ದು ಏನು ಅಂತ ಕೇಳಿದರೆ ಬಿಸ್ಕತ್ತಿನ ರುಚಿಯೊಂದೇ ನೆನಪು. ಏಳನೇ ಕ್ಲಾಸು ಓದಿದ ಈ ಹೆಂಗಸು ಒಂದು ಬೆಳಗಿನಲ್ಲಿ ನನಗೆ ಕಲಿಸಿದ್ದು ಹೆಚ್ಚು.

ಇಲ್ಲಿ ಎಲ್ಲರೂ ಅವರನ್ನು ಕರೆಯುವುದು ದೊಡ್ಡಕ್ಕ ಅಂತ. ಹತ್ತೊಂಬತ್ತು ವರ್ಷದ ಹಿಂದೆ ಬಸ್ ತೊಳೆಯಲು ಸೇರಿದವರು, ಒಂಬತ್ತು ವರ್ಷದಿಂದ ಮೇಲ್ವಿಚಾರಕಿ. ಬಡ್ತಿ ಸಿಕ್ಕಾಗ ಕೆಲವರು ಬಕೆಟ್ ಹಿಡಿದು ಮೇಲೆ ಬಂದಳು ಅಂತ ಆಡಿಕೊಂಡರಂತೆ. "ಹೌದಪ್ಪಾ, ಹತ್ತು ವರ್ಷ ಹಿಡಿದಿದ್ದೀನಿ, ನೀರು ತುಂಬಿದ್ದನ್ನೇ ಹಿಡಿದಿದ್ದೀನಿ ಅಂದೆ. ಆಮೇಲೆ ಯಾರೂ ಬಾಯಿ ಬಿಡಲಿಲ್ಲ," ಎಂದು ನಗುತ್ತಾರೆ.

ಆದರೆ ಮೊದಲ ಎರಡು ವರ್ಷ ಅವರು ಮಾಡಿದ್ದು ದೊಡ್ಡ ತಪ್ಪು. ಎಲ್ಲರಿಗಿಂತ ಚೆನ್ನಾಗಿ ತೊಳೆಯುತ್ತಿದ್ದ ಅವರಿಗೆ ಬೇರೆಯವರ ಕೆಲಸ ಕಣ್ಣಿಗೆ ಹಿಡಿಸುತ್ತಲೇ ಇರಲಿಲ್ಲ. ಯಾರಿಗೂ ಏನೂ ಹೇಳದೆ ಒಂದೊಂದೇ ಬಸ್ಸು ಹತ್ತಿ, ಹಿಂದಿನ ಸೀಟಿನ ಕೆಳಗೆ ಮಂಡಿಯೂರಿ ಮತ್ತೆ ಒರೆಸುತ್ತಿದ್ದರು. ಮಂಡಿ ಸವೆದದ್ದು ಆಗಲೇ. ಒಮ್ಮೆ ಜ್ವರ ಬಂದು ಮೂರು ದಿನ ಮಲಗಿದರು. ಅಷ್ಟರಲ್ಲಿ ಹಿಂದಿನ ಸೀಟಿನಡಿ ಯಾರೋ ಮಾಡಿದ ವಾಂತಿ ಹಾಗೇ ಒಣಗಿತ್ತು, ಪ್ರಯಾಣಿಕರು ಗಲಾಟೆ ಮಾಡಿದರು. ವಾಪಸ್ ಬಂದವರು ಒಂಬತ್ತು ಜನರನ್ನೂ ಸಾಲಾಗಿ ನಿಲ್ಲಿಸಿ ಹಿಗ್ಗಾಮುಗ್ಗಾ ಬೈದರು.

ಆಗ ಬಾಯಿ ತೆಗೆದವಳು ಎಲ್ಲರೂ ಮೌನಗೌರಿ ಅಂತ ಕರೆಯುವ ಹುಡುಗಿ. ಸೇರಿ ಆರು ತಿಂಗಳಾಗಿದ್ದರೂ ಅವಳ ದನಿ ಕೇಳಿದವರಿರಲಿಲ್ಲ. "ಹಿಂದಿನ ಸೀಟು ಯಾವಾಗ್ಲೂ ನೀವೇ ನೋಡ್ಕೋತಿದ್ರಲ್ಲ ಅಕ್ಕಾ. ಅದೂ ನಮ್ಮ ಕೆಲಸ ಅಂತ ನಮಗೆ ಗೊತ್ತೇ ಇರ್ಲಿಲ್ಲ," ಎಂದಳಂತೆ.

"ಕೆನ್ನೆಗೆ ಹೊಡೆದ ಹಾಗಾಯ್ತು ಸಾರ್. ಅಟ್ಟ ಮೇಲೆ ಒಲೆ ಉರೀತು, ಕೆಟ್ಟ ಮೇಲೆ ಬುದ್ಧಿ ಬಂತು ಅಂತಾರಲ್ಲ, ಹಂಗೆ. ಎಲ್ಲಾ ನಾನೇ ಮಾಡಿ ಇವರನ್ನ ನಾನೇ ಕೆಡಿಸಿದ್ದೆ."

ಅಂದಿನಿಂದ ಕೈ ಹಿಂದೆ ಹೋಯಿತು. ಬಸ್ಸು ತೊಳೆದವರು ಹಿಂದಿನ ಚಕ್ರದ ಮೇಲೆ ಸೀಮೆಸುಣ್ಣದಲ್ಲಿ ತಮ್ಮ ಗುರುತು ಹಾಕುವ ಪದ್ಧತಿ ಬಂತು. ಬೈಯುವುದಿದ್ದರೆ ಬಸ್ಸಿನ ಒಳಗೆ, ಹೊಗಳುವುದಿದ್ದರೆ ಬಸ್ಸಿನ ಹೊರಗೆ, ಎಲ್ಲರ ಎದುರಿಗೆ. ಈಗ ಡ್ರೈವರುಗಳು ಗುರುತು ನೋಡಿ ಬಸ್ಸು ಆರಿಸಿಕೊಳ್ಳಲು ಜಗಳವಾಡುತ್ತಾರೆ. ಅದನ್ನು ಹೇಳುವಾಗ ದೊಡ್ಡಕ್ಕನ ಮುಖ ನೋಡಬೇಕು.

ಮುಖ ಬಾಡುವುದು ಮಂಡಿಯ ಮಾತು ಬಂದಾಗ. ಆಪರೇಷನ್ ಆಗಬೇಕು, ಆರು ವಾರ ಮನೆಯಲ್ಲಿರಬೇಕು. ಎರಡು ವರ್ಷದಿಂದ ಮುಂದೂಡುತ್ತಾ ಬಂದಿದ್ದಾರೆ. ಇನ್ನು ತಡ ಮಾಡಿದರೆ ನಡೆಯುವುದೇ ಕಷ್ಟ ಅಂತ ಡಾಕ್ಟರು ಖಡಾಖಂಡಿತವಾಗಿ ಹೇಳಿದ್ದಾರೆ. ತಮ್ಮ ಜಾಗದಲ್ಲಿ ಮೌನಗೌರಿ ನಿಲ್ಲಲಿ ಅನ್ನುವುದು ಇವರ ಆಸೆ. ಡಿಪೋ ಮ್ಯಾನೇಜರಿಗೆ ನಂಬಿಕೆಯಿಲ್ಲ. ಒಂದು ವಾರ ನೀವು ಗೇಟಿನೊಳಗೆ ಕಾಲಿಡಬೇಡಿ, ಆ ಹುಡುಗಿ ನಡೆಸಿ ತೋರಿಸಲಿ, ಒಂದೇ ಒಂದು ಬಸ್ಸು ತಡವಾದರೂ ಮೇಲ್ವಿಚಾರಣೆಗೆ ಹೊರಗಿನವರನ್ನು ತರುತ್ತೇನೆ ಅಂದಿದ್ದಾರೆ. ಹೊರಗಿನವರು ಬಂದರೆ ಬರುವುದು ಬೈಗುಳದ ಕಾಲವೇ. ಹಾಗಾಗುವುದಾದರೆ ಆಪರೇಷನ್ನೇ ಬೇಡ ಅಂತ ದೊಡ್ಡಕ್ಕನ ಹಟ.

ಪರೀಕ್ಷೆಯ ಮೊದಲ ದಿನ, ಸೋಮವಾರ, ನಾನೂ ಹೋಗುತ್ತೇನೆ. ಡಿಪೋ ಎದುರಿನ ಚಹಾದಂಗಡಿಯ ಬೆಂಚಿನ ಮೇಲೆ ದೊಡ್ಡಕ್ಕ ಆಗಲೇ ಕೂತಿದ್ದಾರೆ. "ಗೇಟಿನೊಳಗೆ ಬರಬೇಡಿ ಅಂದಿದ್ದಾರೆ, ರಸ್ತೆಗೆ ಬರಬೇಡಿ ಅಂದಿಲ್ವಲ್ಲ," ಎನ್ನುತ್ತಾರೆ. ನಾನು ಒಳಗೆ ಹೋಗುತ್ತೇನೆ.

ಐದೂ ಇಪ್ಪತ್ತಕ್ಕೆ ಪಂಪು ಗುರ್ರೆಂದು ನಿಂತೇಹೋಗುತ್ತದೆ. ಇನ್ನೂ ಮೂವತ್ತನಾಲ್ಕು ಬಸ್ಸು ಬಾಕಿ. ಮ್ಯಾನೇಜರು ಫೋನು ತೆಗೆಯುತ್ತಾರೆ. "ಕರೀಲಾ ದೊಡ್ಡಕ್ಕನ್ನ?"

ಮೌನಗೌರಿ ಅವರ ಎದುರು ಬಂದು ಕೈ ಚಾಚುತ್ತಾಳೆ. "ಬೇಡ ಸಾರ್. ಅಕ್ಕನಿಗೆ ರಜೆ. ಯಾವ ಬಸ್ಸು ಎಷ್ಟೊತ್ತಿಗೆ ಹೊರಡುತ್ತೆ ಅನ್ನೋ ಪಟ್ಟಿ ಕೊಡಿ." ದಿನವೂ ತೊಳೆಯುವುದು ಬಸ್ಸುಗಳು ನಿಂತಿರುವ ಸಾಲಿನ ಪ್ರಕಾರ. ಇವತ್ತು ಅವಳು ಹೊರಡುವ ಹೊತ್ತಿನ ಪ್ರಕಾರ ಬಸ್ಸುಗಳನ್ನು ಕರೆಯುತ್ತಾಳೆ. ಇಬ್ಬರು ತೊಟ್ಟಿಯಿಂದ ನೀರು ಹೊರುತ್ತಾರೆ. "ಹೊರಮೈ ಬಿಡಿ, ಮಧ್ಯಾಹ್ನ ಬಂದಾಗ ತೊಳೆಯೋಣ. ಈಗ ಒಳಭಾಗ, ಗಾಜು ಅಷ್ಟೇ. ಸೀಟಿನ ಕೆಳಗೆ ಮರೀಬೇಡಿ." ಅವಳೂ ಬಕೆಟ್ಟಿಗೆ ಕೈ ಹಾಕಲು ಬಗ್ಗುತ್ತಾಳೆ, ತಡೆದು ನೆಟ್ಟಗೆ ನಿಲ್ಲುತ್ತಾಳೆ, ಪಟ್ಟಿ ನೋಡಿ ಮುಂದಿನ ಬಸ್ಸು ಕೂಗುತ್ತಾಳೆ. ಕೊನೆಯ ಬಸ್ಸು ಏಳಕ್ಕೆ ಸರಿಯಾಗಿ ಗೇಟು ದಾಟುತ್ತದೆ. ಹೊರಮೈಯೆಲ್ಲ ಧೂಳು, ಒಳಗೆ ಮಾತ್ರ ಕನ್ನಡಿಯ ಹಾಗೆ. ಮ್ಯಾನೇಜರು ಗಡಿಯಾರ ನೋಡಿ ಫೋನು ಜೇಬಿಗೆ ಹಾಕಿಕೊಳ್ಳುತ್ತಾರೆ.

ಧೂಳುಮೈಯ ಬಸ್ಸುಗಳನ್ನು ಕಂಡ ದೊಡ್ಡಕ್ಕ ಗಾಬರಿಯಿಂದ ಕಾಲೆಳೆಯುತ್ತಾ ರಸ್ತೆ ದಾಟಿ ಗೇಟಿಗೆ ಬಂದುಬಿಟ್ಟಿದ್ದಾರೆ. ಮೌನಗೌರಿ ಅಡ್ಡ ನಿಂತಿದ್ದಾಳೆ.

"ಏನಾಯ್ತೇ? ನೀರಿಲ್ವಾ?"

"ಪಂಪು ಕೆಟ್ಟಿತ್ತು ಅಕ್ಕಾ. ರಿಪೇರಿಯವರು ಬರ್ತಿದ್ದಾರೆ. ಎಲ್ಲಾ ಟೈಮಿಗೆ ಹೋಯ್ತು."

"ಸ್ವಲ್ಪ ನೋಡ್ಕೊಂಡು ಹೋಗ್ತೀನಿ, ಬಿಡು."

"ಇನ್ನೂ ಆರು ದಿನ ಇದೆ. ಮನೆಗೆ ಹೋಗಿ, ಕಾಲು ನೀಡ್ಕೊಂಡು ಕೂತ್ಕೊಳ್ಳಿ."

 ದೊಡ್ಡಕ್ಕ ಗೇಟಿನ ಹೊರಗೇ ನಿಂತು ಫೋನು ತೆಗೆದು ಮಗಳಿಗೆ ಹಚ್ಚುತ್ತಾರೆ. ಕಣ್ಣು ತುಂಬಿದೆ, ದನಿಯಲ್ಲಿ ಮಾತ್ರ ಬಿಗುಮಾನ.

"ಡಾಕ್ಟರ ಹತ್ರ ದಿನ ಗೊತ್ತು ಮಾಡು. ಮುಂದಿನ ವಾರವೇ ಆಗ್ಲಿ. ಇಲ್ಲಿ ನನ್ನನ್ನ ಒಳಗೇ ಬಿಡ್ತಾ ಇಲ್ಲ ಕಣೇ."